ಮಾವನ ಜಾಗಕ್ಕೆ ಎರಡು ಸಾಲು

ಬಣ್ಣದ ಕಾರ್ಖಾನೆಯ ಸರ್ವರ್ ನೋಡಿಕೊಳ್ಳುತ್ತಿದ್ದವನು ಅವಳ ಸೋದರಮಾವ. ಅಕ್ಕನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಸಿದವನೂ, ಅಲ್ಲೇ ಕೆಲಸ ಕೊಡಿಸಿದವನೂ ಅವನೇ.

ಬಣ್ಣ ಬೆರೆಸುವ ಲೆಕ್ಕವೆಲ್ಲ ಪೈಥಾನ್ ಕೋಡಿನಲ್ಲಿತ್ತು. ಒಂದೊಂದು ಕೆಲಸಕ್ಕೆ ಒಂದೊಂದು ಫಂಕ್ಷನ್, ಪ್ರತಿ ಫಂಕ್ಷನ್ನಿನ ನೆತ್ತಿಯ ಮೇಲೂ ಒಂದು ಡೆಕೊರೇಟರ್, ಅಂದರೆ ಒಂದು ಸಾಲಿನ ಕಾವಲುಗಾರ. ‘ಒಪ್ಪಿಗೆ’ ಎಂಬ ಡೆಕೊರೇಟರ್ ಪ್ರತಿ ಮಿಶ್ರಣವನ್ನೂ ತಡೆದು ಮಾವನ ಪರದೆಗೆ ಕಳಿಸುತ್ತಿತ್ತು. ಅವನು ಹೂಂ ಅಂದ ಮೇಲೇ ಯಂತ್ರ ತಿರುಗುವುದು. ಈ ಡೆಕೊರೇಟರುಗಳೆಲ್ಲ ಆ ಸರ್ವರ್‌ನಲ್ಲಿ ಮಾತ್ರ ಇದ್ದವು. ಬೇರೆ ಕಡೆ ಕೋಡ್ ಓಡಿಸಿದರೆ ಮೊದಲ ಡೆಕೊರೇಟರ್ ಸಿಗದೆ ಅಲ್ಲೇ ಮುಗ್ಗರಿಸುತ್ತಿತ್ತು.

ಮ್ಯಾನೇಜರ್ ಅವಳನ್ನು ಕರೆದ. “ಸರ್ವರ್ ಹಳೇದಾಯ್ತು. ಇದೇ ಕೋಡು ನನ್ನ ಲ್ಯಾಪ್‌ಟಾಪಲ್ಲಿ ಓಡ್ಬೇಕು. ನಿಮ್ಮ ಮಾವಂಗೆ ಈಗ್ಲೇ ಏನೂ ಹೇಳ್ಬೇಡಿ.”

ಆ ಕೊನೆಯ ಮಾತಿನಲ್ಲೇ ಅವಳಿಗೆ ಎಲ್ಲ ಅರ್ಥವಾಗಬೇಕಿತ್ತು. ಅರ್ಥವಾಯಿತು ಕೂಡ. ಆದರೂ ಮಾವನ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು, ಸುಮ್ಮನೆ ಟೆಸ್ಟ್ ಮಾಡಲಿಕ್ಕೆ ಎಂದು ಸುಳ್ಳು ಹೇಳಿ, ಕೋಡನ್ನು ಬೇರೆ ಕಡೆ ಓಡಿಸುವ ದಾರಿ ಕೇಳಿದಳು.

ಮಾವನಿಗೆ ಕಲಿಸುವುದೆಂದರೆ ಪ್ರಾಣ. “ಅಯ್ಯೋ, ಅದಕ್ಯಾಕೆ ತಲೆ ಕೆಡಿಸ್ಕೋತೀಯ? ಅದೇ ಹೆಸರಲ್ಲಿ ಒಂದು ಡಮ್ಮಿ ಡೆಕೊರೇಟರ್ ಬರಿ. ಬಂದ ಫಂಕ್ಷನ್ನ ಹಾಗೇ ವಾಪಸ್ ಕೊಡ್ಲಿ. ಎರಡೇ ಸಾಲು! ತಲೆ ಮೇಲೆ ಕೂತಿರೋದು ಅಸಲಿಯೋ ನಕಲಿಯೋ ಅದಕ್ಕೇನು ಗೊತ್ತು? ಆದ್ರೆ ‘ಒಪ್ಪಿಗೆ’ಗೆ ಮಾತ್ರ ಹಾಗೆ ಮಾಡ್ಬೇಡ. ಅಲ್ಲಿ ಯಾರಾದ್ರೂ ಒಬ್ಬರು ನೋಡ್ಲೇಬೇಕು.”

ಅವಳು ಅದಕ್ಕೂ ಡಮ್ಮಿಯನ್ನೇ ಹಾಕಿದಳು. ಈಗ ಓಡಿದರೆ ಸಾಕು, ಆಮೇಲೆ ಸರಿಮಾಡಿದರಾಯಿತು ಅಂದುಕೊಂಡಳು. ಈ ಕಸುಬಿನವರೆಲ್ಲ ತಮಗೆ ತಾವೇ ಹೇಳಿಕೊಳ್ಳುವ ಹಸಿ ಸುಳ್ಳು ಅದು.

ಲ್ಯಾಪ್‌ಟಾಪಿನಲ್ಲಿ ಕೋಡು ನೀರು ಕುಡಿದಷ್ಟು ಸಲೀಸಾಗಿ ಓಡಿತು. ಮ್ಯಾನೇಜರ್ ಹುಬ್ಬೇರಿಸಿದ.

“ಇಲ್ಲಿ ಒಪ್ಪಿಗೆ ಕೊಟ್ಟಿದ್ದು ಯಾರು?”

“ಯಾರೂ ಇಲ್ಲ ಸರ್.”

“ಹಾಗಾದ್ರೆ ಇಷ್ಟು ವರ್ಷ ನಿಮ್ಮ ಮಾವ ಏನ್ ಮಾಡ್ತಿದ್ರು?”

ಹೇಳಲು ಬೇಕಾದಷ್ಟಿತ್ತು. ಮಾವ ಎಷ್ಟು ಕೆಟ್ಟ ಮಿಶ್ರಣಗಳನ್ನು ಯಂತ್ರಕ್ಕೆ ಬೀಳದಂತೆ ತಡೆದಿದ್ದನೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆದರೆ ಅವಳು ಲ್ಯಾಪ್‌ಟಾಪನ್ನು ಮ್ಯಾನೇಜರ್ ಕಡೆ ಸರಿಸಿಟ್ಟು ಎದ್ದಳು. ತನ್ನ ಕುರ್ಚಿಯೂ ಅಲ್ಲಾಡೀತೆಂಬ ಹೇಡಿತನ, ಬೇರೇನಲ್ಲ.

ಸರ್ವರ್ ಬಂದ್ ಮಾಡಿದ ದಿನವೇ ಮಾವನನ್ನೂ ಮನೆಗೆ ಕಳಿಸಿದರು. ಅವನು ಟೀ ಲೋಟ, ಹಳೇ ಸ್ವೆಟರ್ ಚೀಲಕ್ಕೆ ತುಂಬಿಕೊಂಡು ಅವಳ ಮೇಜಿನ ಮುಂದೆ ಬಂದು ನಿಂತ.

“ನನ್ನ ಜಾಗಕ್ಕೆ ಏನ್ ಹಾಕ್ದೆ? ತೋರ್ಸು.”

ಅವಳು ತೋರಿಸಿದಳು. ಅವನು ಕನ್ನಡಕ ಏರಿಸಿಕೊಂಡು, ಅವಳ ಕೋಡನ್ನು ಯಾವಾಗಲೂ ಓದುತ್ತಿದ್ದಂತೆ, ಎರಡೂ ಸಾಲನ್ನು ನಿಧಾನವಾಗಿ ಓದಿದ.

“ತಪ್ಪಿಲ್ಲ. ಸರಿಯಾಗೇ ಕಲ್ತಿದ್ದೀಯ,” ಅಂದು ಚೀಲ ಎತ್ತಿಕೊಂಡ.

ಅವನು ಬೈದಿದ್ದರೆ ಚೆನ್ನಾಗಿತ್ತು.