ಬಸವಣ್ಣೆವ್ವನ ಕಾರ್ ರೇಸ್ ಡಿಸ್ಕ್

ನಾನು ಒಂದು ವಿಡಿಯೋ ಗೇಮಿನ ಡಿಸ್ಕ್. ಯಾವುದೋ ಕಾರ್ಖಾನೆಯಲ್ಲಿ ದೋಸೆ ಹುಯ್ದಂತೆ ನಮ್ಮನ್ನು ಒಂದೇ ದಿನ ಸಾವಿರಗಟ್ಟಲೆ ಅಚ್ಚು ಹಾಕಿದರು. ಹೊಟ್ಟೆಗೆ ಹನ್ನೆರಡು ಕಾರು, ಎಂಟು ರಸ್ತೆ, ಒಂದು ಹಿಮದ ಬೆಟ್ಟ ತುಂಬಿಸಿ ಹುಬ್ಬಳ್ಳಿಗೆ ಕಳಿಸಿದರು.

ನನ್ನನ್ನು ಕೊಂಡವಳು ವಿದ್ಯಾನಗರದ ಚೈತ್ರಾ. ಎರಡನೆಯ ವಾರಕ್ಕೇ ನಾನು ಅವಳ ಅತ್ತೆ ಬಸವಣ್ಣೆವ್ವನ ಪಾಲಾದೆ. ಬಸ್ ಡಿಪೋದ ಗುಮಾಸ್ತೆಯಾಗಿ ಮೂವತ್ತು ವರ್ಷ, ಯಾವ ಡ್ರೈವರ್ ಯಾವ ಬಸ್ಸು ಓಡಿಸಬೇಕೆಂದು ಬರೆದವಳು ಆಕೆ; ತಾನು ಸೈಕಲ್ಲನ್ನೂ ತುಳಿದವಳಲ್ಲ. ಆ ಆಸೆಯೆಲ್ಲ ನನ್ನ ಮೇಲೆ ತೀರಿತು. ಸೆರಗು ಸಿಕ್ಕಿಸಿ ಕೂತಳೆಂದರೆ ತಿರುವಿಗೆ ತಕ್ಕಂತೆ ಸೋಫಾದ ಮೇಲೆ ತಾನೂ ವಾಲುವಳು. ಅಡ್ಡ ಬಂದ ಕಾರಿಗೆಲ್ಲ "ಕಣ್ಣ್ ಕಾಣಂಗಿಲ್ಲೇನೋ?" ಎಂದು ಗದರುವಳು. ಏಳು ರಸ್ತೆ ಗೆದ್ದಳು. ಎಂಟನೆಯದಾದ ಹಿಮದ ಬೆಟ್ಟದ ರಸ್ತೆ ಮಾತ್ರ ಕೈಗೆ ಸಿಗಲಿಲ್ಲ.

ಅಷ್ಟರಲ್ಲಿ ನನ್ನನ್ನು ಟೀವಿಯಲ್ಲಿ ಆಡಿಸುತ್ತಿದ್ದ ಮಶಿನ್ ಕಣ್ಣುಮುಚ್ಚಿತು. ರಿಪೇರಿಯವನು ಕೈಚೆಲ್ಲಿದ. ಚೈತ್ರಾ ಅತ್ತೆಗೆಂದು ಹೊಸ ಮಶಿನ್ ತಂದಳು. ಬಸವಣ್ಣೆವ್ವ ಅದಕ್ಕೆ ವಿಭೂತಿ ಹಚ್ಚಿ ನನ್ನನ್ನು ಅದರ ಬಾಯಿಗಿಟ್ಟಳು. ಅದು ನನ್ನನ್ನು ಒಳಗೆಳೆದುಕೊಂಡು, ಎರಡು ಸುತ್ತು ತಿರುಗಿಸಿ, ಕಹಿ ಔಷಧದಂತೆ ಹೊರಗೆ ಉಗುಳಿತು!

ಮರುದಿನವೇ ನನ್ನನ್ನು ಎಲೆಅಡಿಕೆ ಚೀಲದ ಪಕ್ಕ ಇಟ್ಟುಕೊಂಡು ಆಕೆ ಮಶಿನ್ ಕೊಂಡ ಅಂಗಡಿಗೆ ನಡೆದಳು.

"ಆಂಟಿ, ಇದು ಹಳೇ ಮಶಿನ್ನಿನ ಡಿಸ್ಕ್ ರೀ. ಹೊಸಾದ್ರಾಗ ನಡಿಯಂಗಿಲ್ಲ," ಎಂದಳು ಕೌಂಟರಿನ ಹುಡುಗಿ.

"ಹೊಸಾ ಒಲಿ ತಂದ್ರ ಮನ್ಯಾಗಿನ ಜ್ವಾಳದ ಹಿಟ್ಟು ರೊಟ್ಟಿ ಆಗೂದಿಲ್ಲೇನವಾ?"

"ಒಳಗಿನ ಚಿಪ್ ಬ್ಯಾರೆ ರೀ. ಹಳೇದೂ ನಡಿಯೋಹಂಗ ಮಾಡಿದ್ರ ರೇಟ್ ಏರ್ತೈತಿ, ಆವಾಗೂ ನೀವ ಬೈತೀರಿ. ಇದ ಆಟ ಹೊಸಾ ಡಿಸ್ಕಿನ್ಯಾಗ ಬಂದೈತಿ, ತಗೋರಿ."

"ಅದ ಕಾರು, ಅದ ಗುಡ್ಡ. ಎರಡನೇ ಸಲ ಯಾಕ ತಗೋಬೇಕು?"

ಅಂಗಡಿಯಲ್ಲಿದ್ದವರು ಎರಡು ಪಕ್ಷವಾದರು. ಹುಡುಗಿಯ ಮಾತಿನಲ್ಲೂ ಹುರುಳಿತ್ತು. ಆದರೆ ನಡೆಯದ ಡಿಸ್ಕ್ ನಾನೇ ಆದ್ದರಿಂದ ನನ್ನಿಂದ ನ್ಯಾಯ ನಿರೀಕ್ಷಿಸಬೇಡಿ.

ಟೀವಿ ವೈರು ಕೊಳ್ಳಲು ಬಂದಿದ್ದ ಮಲ್ಲೇಶಪ್ಪ ಹಿಂದಿನಿಂದ ಕೆಮ್ಮಿದ. "ಅಮ್ಮಾರ, ನಮ್ಮ ಕಟಿಂಗ್ ಶಾಪಿನ್ಯಾಗ ಹಳೇ ಮಶಿನ್ ಐತ್ರಿ. ಗಿರಾಕಿಗೋಳು ಆಡ್ತಾರ. ಆದ್ರ ಅದು ಗಂಡಸರ ಶಾಪು..."

"ನಾ ಏನ್ ದಾಡಿ ಮಾಡಿಸ್ಕೊಳ್ಳಾಕ ಬರ್ತೀನೇನು?"

"ಜನ ಏನಂತಾರ್ರೀ ಅತ್ತಿ?" ಎಂದು ಮನೆಯಲ್ಲಿ ಸುದ್ದಿ ಕೇಳಿದ ಚೈತ್ರಾ ತಲೆಯ ಮೇಲೆ ಕೈಹೊತ್ತಳು. ಜನ ಏನೂ ಅನ್ನಲಿಲ್ಲ. ಬೆಂಚಿನಲ್ಲಿ ಸರಿದು ಜಾಗ ಬಿಟ್ಟರು. ಎರಡು ತಿಂಗಳು ದಿನಾ ಮಧ್ಯಾಹ್ನ ನಾನು ತಿರುಗಿದೆ, ಆಕೆ ಬೆಟ್ಟದಿಂದ ಬಿದ್ದಳು.

ಒಂದು ಶನಿವಾರ ಕೊನೆಯ ಸುತ್ತಿನಲ್ಲಿ ಆಕೆಯ ಕಾರೇ ಮುಂದಿತ್ತು. ಮಲ್ಲೇಶಪ್ಪ ಹವಾಲ್ದಾರರೊಬ್ಬರ ಗಲ್ಲದ ಮೇಲೆ ಕತ್ತಿ ಇಟ್ಟುಕೊಂಡೇ ಪರದೆ ನೋಡುತ್ತಿದ್ದ. ಅತ್ತೆಯನ್ನು ಕರೆದೊಯ್ಯಲು ಬಂದ ಚೈತ್ರಾ ಬಾಗಿಲಲ್ಲೇ ಕಿರುಚಿದಳು: "ಅತ್ತೀ, ಬ್ರೇಕ್ ಹಿಡೀಬ್ಯಾಡ್ರಿ!"

ಹಿಡಿಯಲಿಲ್ಲ. ಗೆದ್ದಳು! ಶಾಪೆಲ್ಲ ಎದ್ದು ಕುಣಿಯಿತು. ಮಲ್ಲೇಶಪ್ಪನ ಕೈಯೂ ಕುಣಿಯಿತು. ಹವಾಲ್ದಾರರ ಅರ್ಧ ಮೀಸೆ ನೆಲಕ್ಕೆ ಬಿತ್ತು.

ಬಸವಣ್ಣೆವ್ವ ಕಣ್ಣೊರೆಸಿಕೊಂಡು ಅವರನ್ನು ಪರೀಕ್ಷಿಸಿದಳು. "ಇನ್ನೊಂದ್ ಕಡೀದೂ ತಗದ್ಬಿಡಪಾ. ವಯಸ್ಸು ಕಡಿಮಿ ಕಾಣ್ತೈತಿ."

ಈಗ ನನ್ನ ಮೈತುಂಬ ಗೀರು. ಯಾವ ಮಶಿನ್ನೂ, ಹಳೆಯದಾಗಲಿ ಹೊಸದಾಗಲಿ, ನನ್ನನ್ನು ಓದಲಾರದು. ಮಲ್ಲೇಶಪ್ಪ ನನ್ನನ್ನು ಕನ್ನಡಿಯ ಪಕ್ಕ ಮೊಳೆಗೆ ನೇತುಹಾಕಿದ್ದಾನೆ. ಕಟಿಂಗ್ ಮುಗಿದ ಮೇಲೆ ಹಿಂದಲೆ ತೋರಿಸಲು ನನ್ನ ಹೊಳೆಯುವ ಬೆನ್ನನ್ನೇ ಕನ್ನಡಿಯಾಗಿ ಹಿಡಿಯುತ್ತಾನೆ. ನೆತ್ತಿ ಬೋಳಾದವರು ನನ್ನನ್ನು ಬಹಳ ಮೆಚ್ಚುತ್ತಾರೆ. ನನ್ನ ನಡುವಿನ ತೂತು ಸರಿಯಾಗಿ ಅಲ್ಲಿಗೇ ಬರುತ್ತದೆ.