ಗೀರು ಆರುವ ಮೊದಲು

ಹಾಲು ತಳ ಹಿಡಿದಿತ್ತು. ಅವಳು ಪಾತ್ರೆಯನ್ನು ನಲ್ಲಿಯ ಕೆಳಗೆ ಓರೆಯಾಗಿ ಹಿಡಿದು ಚಮಚದ ಅಂಚಿನಿಂದ ಕೆರೆಯುತ್ತಿದ್ದಳು. ಬೇರೆ ದಿನವಾಗಿದ್ದರೆ ಆ ಕರಕರ ಸದ್ದಿಗೆ ಹಲ್ಲು ಜುಮ್ಮೆನ್ನುತ್ತಿತ್ತು. ಇವತ್ತು ಅದು ಪಕ್ಕದ ಮನೆಯ ಸದ್ದಿನಂತೆ ಕೇಳಿಸುತ್ತಿತ್ತು. ಹಾಲು ಉಕ್ಕುವವರೆಗೂ ಒಲೆಯ ಮುಂದೆಯೇ ನಿಂತಿದ್ದಳು, ಉಕ್ಕಿದ್ದನ್ನೂ ನೋಡಿದ್ದಳು, ಒಲೆ ಆರಿಸಬೇಕೆಂಬುದು ಮಾತ್ರ ಹೊಳೆದಿರಲಿಲ್ಲ.

ಗಂಡನನ್ನು ಮಸಣಕ್ಕೆ ಕಳಿಸಿ ಆರು ದಿನವಾಗಿತ್ತು. ಬಂದವರಲ್ಲಿ ಕೊನೆಯವಳಾಗಿ ಉಳಿದಿದ್ದ ನಾದಿನಿ ನಿನ್ನೆ ಸಂಜೆ ಬಸ್ಸು ಹತ್ತಿದ ಮೇಲೆ, ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಎದ್ದ ಮೊದಲ ಬೆಳಗ್ಗೆ ಇದು.

"ಅದನ್ನ ನೆನೆಹಾಕು" ಎಂದರು ಅತ್ತೆ, ಅಡುಗೆಮನೆಯ ಬಾಗಿಲಲ್ಲಿ ನಿಂತು. "ಕೆರೆದೂ ಕೆರೆದೂ ತಳ ಕಿತ್ತುಹೋಗತ್ತೆ."

ಅವಳು ನೀರು ತುಂಬಿಸಿ ಬಿಟ್ಟಳು. ಬೆರಳ ತುದಿಗಳು ಉರಿದವು. ಉಗುರುಗಳನ್ನು ಮಾಂಸಕ್ಕೆ ತಾಕುವಷ್ಟು ಕತ್ತರಿಸಿಕೊಂಡಿದ್ದಳು, ಅವನನ್ನು ಕಳಿಸಿದ ದಿನವೇ. ಯಾಕೆಂದು ಯಾರೂ ಕೇಳಿರಲಿಲ್ಲ.

ಅವನದು ಕಿಟಕಿಗಳಿಗೆ ಗಾಜು ಕೂರಿಸುವ ಕೆಲಸ. ಹೊಸ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ನಾಲ್ಕು ಗಾಜು ಕೂರಿಸಿ, ಐದನೆಯದನ್ನು ಗೋಡೆಗೆ ಒರಗಿಸಿ, ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಮೂವತ್ತಾರು ವರ್ಷ. ಹೃದಯ ನಿಂತಿತು ಎಂದರು ಡಾಕ್ಟರು. ಅಷ್ಟು ಚಿಕ್ಕ ಮಾತು ಅತ್ತೆಗೆ ಸಾಲಲಿಲ್ಲ. ಮಗನ ಮೈ ತೊಳೆಯುವಾಗ, ಎಡಗಿವಿಯ ಕೆಳಗಿನಿಂದ ದವಡೆಯವರೆಗೆ ಇಳಿದಿದ್ದ ಕೆಂಪು ಗೀರೊಂದು ಅವರ ಕಣ್ಣಿಗೆ ಬಿದ್ದಿತ್ತು. ಅದರ ಉದ್ದಕ್ಕೂ ಬೆರಳಾಡಿಸಿದ್ದರು. "ಇದು ಗಾಜಿಂದಲ್ಲ. ಹದಿನೆಂಟು ವರ್ಷದಿಂದ ಇವನ ಮೈಮೇಲೆ ಗಾಜಿನ ಗೀರು ನೋಡ್ತಾ ಬಂದಿದೀನಿ, ನನಗೆ ಗೊತ್ತಾಗಲ್ವಾ? ಇದು ಯಾರೋ ಪರಚಿದ್ದು."

ಆ 'ಯಾರೋ' ಯಾರೆಂದು ಅವರು ಹೆಚ್ಚು ಹುಡುಕಲಿಲ್ಲ. ಮಗ ಅವತ್ತು ಕೆಲಸಕ್ಕೆ ಹೋಗುವ ದಾರಿಯಲ್ಲಿ ಮೇಸ್ತ್ರಿಯ ಅಂಗಡಿಗೆ ಹೋಗಿದ್ದ, ಅಲ್ಲಿ ಜೋರುಜೋರು ಮಾತಾಯಿತು ಎಂದು ಎದುರಂಗಡಿಯವರು ಹೇಳಿದ್ದರು. ಮೇಸ್ತ್ರಿ ಎಂದರೆ ಅವನಿಗೆ ಕೆಲಸ ಕಲಿಸಿದ ಮುದುಕ. ಕಾಲು ಕೆರೆದು ಜಗಳಕ್ಕೆ ನಿಲ್ಲುವ ಆಸಾಮಿ ಎಂದು ಊರಿಗೆಲ್ಲ ಗೊತ್ತಿತ್ತು. "ಬೇರೆಯವರ ವಿಷಯದಲ್ಲಿ ಅದು ಬರೀ ಮಾತು, ನಮ್ಮ ಮೇಸ್ತ್ರಿ ನಿಜವಾಗ್ಲೂ ಕೆರೀತಾರೆ" ಎಂದು ಗಂಡ ನಗಿಸುತ್ತಿದ್ದ. ಮುದುಕನ ಕಣಕಾಲಿನಲ್ಲಿ ಹಳೆಯ ಇಸುಬು. ಸಿಟ್ಟು ಬಂದಾಗಲೆಲ್ಲ ಅಳತೆಪಟ್ಟಿಯ ತುದಿಯಿಂದ ಅದನ್ನು ಕೆರೆದುಕೊಳ್ಳುತ್ತ ವಾದ ಮಾಡುತ್ತಿದ್ದನಂತೆ. ಪಟ್ಟಿ ಕೆಳಗಿಟ್ಟರೆ ಜಗಳ ಮುಗಿಯಿತೆಂದು ಲೆಕ್ಕ.

ಹೆಣ ಎತ್ತುವ ಹೊತ್ತಿಗೆ ಆ ಮುದುಕ ಬಂದಿದ್ದ. ಅತ್ತೆ ಗೇಟಿನಲ್ಲೇ ಅಡ್ಡ ನಿಂತರು. "ಹೊಡೆದ ಕೈಲೇ ಹೆಗಲು ಕೊಡೋಕೆ ಬಂದ್ಯಾ?" ಎಂದು ಎಲ್ಲರೆದುರು ಕೇಳಿದರು. ಯಾರಿಗೂ ಮಾತು ಬಾಕಿ ಉಳಿಸದವನು ಹಿಂದೆ ಸರಿದ. ರಸ್ತೆ ದಾಟಿ, ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೈಕಟ್ಟಿ ನಿಂತ. ಅವಳು ಕಿಟಕಿಯಿಂದ ನೋಡಿದಳು. ಒಂದು ಮಾತು ಸಾಕಿತ್ತು. ಅವಳು ಆಡಲಿಲ್ಲ.

ಆ ಗೀರು ಅವಳ ಉಗುರಿನದು.

ಅವತ್ತು ಬೆಳಗ್ಗೆ, ಅತ್ತೆ ದೇವಸ್ಥಾನಕ್ಕೆ ಹೋಗಿದ್ದಾಗ, ಅವನು ಊಟದ ಮೇಜಿನ ಮೇಲೆ ಪಾತ್ರೆ ಬೀರುವಿಗೆಂದು ಗಾಜು ಕತ್ತರಿಸುತ್ತಿದ್ದ. ತಿಂಗಳುಗಟ್ಟಲೆ ಅವಳು ಹೇಳಿ ಹೇಳಿ ಬಿಟ್ಟಿದ್ದ ಕೆಲಸ. ಅಡಿಯಲ್ಲಿ ಮೆತ್ತಗಿರಲೆಂದು ಕೈಗೆ ಸಿಕ್ಕ ಕಾಗದ ಹಾಸಿಕೊಂಡಿದ್ದ. ಅದು ಅವಳು ಮುದ್ರಣಾಲಯಕ್ಕೆ ತಿದ್ದಿ ಕೊಡಬೇಕಿದ್ದ ಪಠ್ಯಪುಸ್ತಕದ ಕರಡು. ಅವಳು ಒಳಗಿನಿಂದ ಬಂದದ್ದಕ್ಕೂ ಅವನು ತಲೆ ಎತ್ತಿದ್ದಕ್ಕೂ ಸರಿಹೋಗಿ, ಕಟರ್ ಗಾಜಿನ ಅಂಚು ದಾಟಿ ಕಾಗದಕ್ಕೆ ಇಳಿಯಿತು. ಅವಳು ಹಾಳೆಗಳನ್ನು ಎಳೆದುಕೊಳ್ಳಲು ಹೋದಳು. ಅವನು ಒಂದು ಕೈಯಲ್ಲಿ ಗಾಜು ತಡೆಯುತ್ತ, ಇನ್ನೊಂದರಲ್ಲಿ ಹಾಳೆ ಎತ್ತಿ ಹಿಡಿದು ಆಟವಾಡಿಸಿದ. ಅವಳಿಗೆ ಆಟ ಬೇಕಿರಲಿಲ್ಲ. ಮೈ ಪರಚಿಕೊಳ್ಳುವಷ್ಟು ಸಿಟ್ಟು ಬಂದಿತ್ತು. ಪರಚಿದ್ದು ಮಾತ್ರ ಅವನನ್ನು. ಬೇಕೆಂದೇ ಮಾಡಿದಳೋ, ಕೈ ಜಾರಿತೋ, ಆರು ದಿನದಿಂದ ಯೋಚಿಸಿದರೂ ಅವಳಿಗೆ ತೀರ್ಮಾನವಾಗಿರಲಿಲ್ಲ. ಅವನು ದವಡೆ ಮುಟ್ಟಿಕೊಂಡು, ಚೀಲ ಹೆಗಲಿಗೇರಿಸಿ, ಬಾಗಿಲು ಎಳೆದುಕೊಂಡು ಹೋದ. ಅವನ ಮುಖ ಅವಳು ನೋಡಲಿಲ್ಲ.

ಕಟರ್ ಮೇಜಿನ ಮೇಲೆಯೇ ಉಳಿಯಿತು. ಅದು ಮೇಸ್ತ್ರಿಯದು, ಅವನು ಎರವಲು ತಂದಿದ್ದು. ಗೀರಿದ ಗಾಜನ್ನು ಗೆರೆಗುಂಟ ಮುರಿದು ಬೇರ್ಪಡಿಸುವುದೂ ಬಾಕಿ ಇತ್ತು. ಯಾರೋ ಅದನ್ನು ಎತ್ತಿ ಬೀರುವಿನ ಪಕ್ಕ ಒರಗಿಸಿಟ್ಟಿದ್ದರು.

ಹತ್ತು ಗಂಟೆಗೆ ಮುದ್ರಣಾಲಯದಿಂದ ಫೋನು ಬಂತು. ಕೇಳುವುದಕ್ಕೆ ಸಂಕೋಚ, ಆದರೆ ಆ ಕರಡಿನ ಎಂಟು ಪುಟ ಬಂದರೆ ಯಂತ್ರಕ್ಕೆ ಹಾಕಬಹುದಿತ್ತು ಎಂದರು. ಅವಳು ಕೂತು ತಿದ್ದಿದಳು. ಅಕ್ಷರ ಕಾಣುತ್ತಿದ್ದವು, ಅರ್ಥ ಬೇಕಿರಲಿಲ್ಲ. ಐದನೇ ಪುಟದಲ್ಲಿ ಕಟರಿನ ಗೀರು ಒಂದು ಸಾಲಿನ ಅರ್ಧದ ಮೇಲೆ ನೆಟ್ಟಗೆ ಹಾದುಹೋಗಿತ್ತು. ಅಳತೆಪಟ್ಟಿ ಇಟ್ಟು ಎಳೆದಂತಿತ್ತು. ಹಾಗೇ ಕಳಿಸಿದರೆ ಆ ಮಾತುಗಳನ್ನು ಹೊಡೆದುಹಾಕಿದ್ದಾಳೆಂದು ತಿಳಿದು ತೆಗೆದುಬಿಡುತ್ತಾರೆ. ಅಂಥ ಕಡೆ, ಹೊಡೆದದ್ದನ್ನು ಉಳಿಸಿಕೊಳ್ಳಲು ಮಾಡುವುದನ್ನೇ ಅವಳು ಮಾಡಿದಳು: ಪದಗಳ ಕೆಳಗೆ ಸಾಲಾಗಿ ಚುಕ್ಕಿ ಇಟ್ಟು, ಅಂಚಿನಲ್ಲಿ 'ಇರಲಿ' ಎಂದು ಬರೆದಳು. ಬರೆದ ಮೇಲೆ ಪೆನ್ನು ಬಹಳ ಹೊತ್ತು ಅಲ್ಲೇ ನಿಂತಿತು.

ಆಮೇಲೆ ಎದ್ದು ಕಟರನ್ನು ಕರವಸ್ತ್ರದಲ್ಲಿ ಸುತ್ತಿದಳು. ಗಾಜನ್ನು ಹಳೆಯ ಟವೆಲಿನಲ್ಲಿ ಸುತ್ತಿದಳು.

"ಎಲ್ಲಿಗೆ?" ಎಂದರು ಅತ್ತೆ.

"ಮೇಸ್ತ್ರಿಗಳ ಅಂಗಡಿಗೆ. ಇದು ಅವರದು."

"ನೀನ್ಯಾಕೆ ಹೋಗ್ಬೇಕು? ಬೇಕಾದ್ರೆ ಅವನೇ ಬಂದು ಕೇಳಲಿ. ಕೇಳೋಕೆ ಮುಖ ಇದ್ರೆ."

ಚಪ್ಪಲಿ ಮೆಟ್ಟುತ್ತ, ನೆಲ ನೋಡುತ್ತ ಅವಳು ಹೇಳಿದಳು. "ಅವರು ಮುಟ್ಟಿಲ್ಲ ಅತ್ತೆ. ಆ ಗೀರು ನನ್ನದು. ಅವತ್ತು ಬೆಳಗ್ಗೆ ಹಾಳೆ ಕಿತ್ತುಕೊಳ್ಳೋಕೆ ಹೋಗಿ ಪರಚಿದೆ."

ಬಯ್ಯುತ್ತಾರೆಂದುಕೊಂಡಿದ್ದಳು. ಅಳುತ್ತಾರೆಂದೂ ಅಂದುಕೊಂಡಿದ್ದಳು. ಅತ್ತೆ ಅವಳ ಕೈಗಳನ್ನು ನೋಡಿದರು.

"ಅದಕ್ಕಾ ಉಗುರು ಹಾಗೆ ಕತ್ತರಿಸಿಕೊಂಡಿದ್ದು?"

ಅವಳು ಹೌದೆಂದು ತಲೆಯಾಡಿಸಿದಳು. ಅತ್ತೆ ಒಳಗೆ ಹೋದರು. ಅವಳು ಮೆಟ್ಟಿಲು ಇಳಿಯುವಾಗ ಅಡುಗೆಮನೆಯಿಂದ ಹಾಲಿನ ಪಾತ್ರೆ ಕೆರೆಯುವ ಸದ್ದು ಕೇಳಿತು. ಬಿಟ್ಟೂಬಿಡದೆ, ಕರಕರ. ಬೀದಿಯ ತಿರುವಿನವರೆಗೂ ಕೇಳಿಸುತ್ತಿದೆಯೆನ್ನಿಸಿತು.

ಅಂಗಡಿಯಲ್ಲಿ ಗಾಜಿನ ಹಾಳೆಗಳು ಪುಸ್ತಕಗಳಂತೆ ಒಂದಕ್ಕೊಂದು ಒರಗಿ ನಿಂತಿದ್ದವು. ಮುದುಕ ಸ್ಟೂಲಿನ ಮೇಲೆ ಕೂತು ಕಣಕಾಲು ಕೆರೆದುಕೊಳ್ಳುತ್ತಿದ್ದ, ಜಗಳಕ್ಕೆ ಎದುರಾಳಿಯೇ ಇಲ್ಲದೆ. ಅವಳನ್ನು ಕಂಡು ಎದ್ದ. ಅವಳ ಬೆನ್ನ ಹಿಂದೆ ಅತ್ತೆ ಇದ್ದಾರೇನೋ ಎಂಬಂತೆ ಬಾಗಿಲ ಕಡೆ ನೋಡಿದ. ಅಳತೆಪಟ್ಟಿಯನ್ನು ಮೇಜಿನ ಮೇಲಿಟ್ಟ.

ಅವಳು ಕರವಸ್ತ್ರ ಬಿಚ್ಚಿದಳು. "ನಿಮ್ಮದು ಮೇಸ್ತ್ರಿಗಳೇ."

"ಎರಡು ದಿನಕ್ಕೆ ಅಂತ ತಗೊಂಡ. ಎರಡು ತಿಂಗಳು ಮಾಡಿದ." ಮುದುಕ ಕಟರನ್ನು ಮುಟ್ಟಲಿಲ್ಲ. "ಬೈದೆ ತಾಯಿ, ಇಲ್ಲ ಅನ್ನಲ್ಲ. ಅವತ್ತೂ ಬೈದೆ. ನಾನು ಬೈದು ಗಂಟೆ ಎರಡಾಗಿರಲಿಲ್ಲ, ಸುದ್ದಿ ಬಂತು. ನಿಮ್ಮತ್ತೆ ಕೇಳಿದ್ದೇ ಸರಿಯೇನೋ ಅಂತ..." ಅವನ ಕೈ ಪಟ್ಟಿಯನ್ನು ಹುಡುಕಿ, ಸಿಕ್ಕಿದರೂ ಎತ್ತಿಕೊಳ್ಳಲಿಲ್ಲ.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ವಾಕ್ಯ ಅವಳ ಬಾಯಲ್ಲಿತ್ತು. ಅಷ್ಟರಲ್ಲಿ ಅವನೇ ಮುಂದುವರಿಸಿದ.

"'ಕಟರ್ ಯಾಕೋ ತರಲಿಲ್ಲ?' ಅಂದೆ. ಏನಂದ ಗೊತ್ತಾ? 'ತಗೊಳ್ಳೋಕೆ ಪುರುಸೊತ್ತೆಲ್ಲಿ ಮೇಸ್ತ್ರಿ, ಜೀವ ಉಳಿಸಿಕೊಂಡು ಓಡಿ ಬಂದೆ, ಮನೇಲಿ ಬೆಕ್ಕು ಪರಚಿಬಿಡ್ತು' ಅಂದ. ಇಲ್ಲಿ ತೋರಿಸಿದ." ಮುದುಕ ತನ್ನ ದವಡೆಯ ಮೇಲೆ ಬೆರಳೆಳೆದ. "ನಾನು ಬೈತಾನೇ ಇದೀನಿ, ಅವನು ನಗ್ತಾನೇ ಇದಾನೆ. ಸಂಜೆ ಹೋಗಿ ಅದಕ್ಕೆ ಹಾಲು ಹಾಕಿ ರಾಜಿ ಮಾಡ್ಕೋಬೇಕು ಅಂದ."

ರಸ್ತೆಯಲ್ಲಿ ಲಾರಿಯೊಂದು ಹೋಯಿತು. ಒರಗಿದ್ದ ಗಾಜುಗಳೆಲ್ಲ ಸಣ್ಣಗೆ ನಡುಗಿ ಸುಮ್ಮನಾದವು.

"ನಿಮ್ಮನೇಲಿ ಬೆಕ್ಕಿದೆಯಾ?" ಎಂದು ಮುದುಕ ಕೇಳಿದ. ಅವಳ ಮುಖ ನೋಡದೆ ಕೇಳಿದ.

"ಇದೆ. ಬೆಕ್ಕಿನ ವಿಷಯ ಅತ್ತೆಗೂ ಹೇಳಿ ಬಂದಿದೀನಿ" ಎಂದಳು.

ಮುದುಕ ತಲೆದೂಗಿದ. ಕಣ್ಣೊರೆಸಿಕೊಳ್ಳಲು ಅವನಿಗೆ ಎರಡೂ ಕೈ ಬೇಕಾದವು. ಅವಳ ಕಣ್ಣು ಒಣಗಿಯೇ ಇದ್ದವು. ಅವಳು ಟವೆಲು ಬಿಚ್ಚಿ ಗಾಜನ್ನು ಮುಂದಿಟ್ಟಳು. ಅವನು ಅದನ್ನು ಬೆಳಕಿಗೆ ಹಿಡಿದು, ಗೀರಿನ ಮೇಲೆ ಹೆಬ್ಬೆರಳ ಉಗುರು ಆಡಿಸಿದ.

"ಅವನದೇ ಕೈ. ಯಾವತ್ತು ಎಳೆದದ್ದು?"

"ಅವತ್ತೇ."

"ಗೀರು ಆರಿಹೋಗಿದೆ." ಕೆಲಸದ ಮಾತಿಗೆ ಬಂದದ್ದೇ ಅವನ ದನಿ ಸರಿಹೋಯಿತು. "ಎಳೆದ ತಕ್ಷಣ ಕೆಳಗಿಂದ ತಟ್ಟಿಬಿಡಬೇಕು, ಗೆರೆ ಮೇಲೇ ಬಿಟ್ಟುಕೊಡತ್ತೆ. ಬಿಟ್ಟರೆ ಆರತ್ತೆ. ಆಮೇಲೆ ತಟ್ಟಿದ್ರೆ ಯಾವ ಕಡೆ ಸೀಳತ್ತೋ ಹೇಳೋಕಾಗಲ್ಲ. ಅದರ ಮೇಲೇ ಇನ್ನೊಂದು ಸಲ ಎಳೆಯೋ ಹಾಗೂ ಇಲ್ಲ, ಕಟರ್ ಚಕ್ರ ಹಾಳಾಗತ್ತೆ. ಬೀರುವಿಗೆ ಬೇರೆ ಕೊಯ್ದು ಕೊಡ್ತೀನಿ. ಇದನ್ನ ತಟ್ಟಿ ನೋಡ್ಲಾ?"

"ಬೇಡ" ಎಂದಳು. "ಇದು ಹೀಗೇ ಇರಲಿ."

ಅವನು ಒತ್ತಾಯಿಸಲಿಲ್ಲ. ಗಾಜನ್ನು ಮತ್ತೆ ಟವೆಲಿನಲ್ಲಿ ಸುತ್ತಿ, ಮೂಲೆಗಳನ್ನು ಒತ್ತಿ ಒತ್ತಿ ಮಡಚಿ, ಅವಳ ಕೈಗೆ ಕೊಟ್ಟ. ಆಮೇಲೆ ಕಟರ್ ಎತ್ತಿಕೊಂಡ. ಅದರ ಚಕ್ರವನ್ನು ಎಣ್ಣೆಯ ಡಬ್ಬಿಗೆ ಅದ್ದಿ, ಬಟ್ಟೆಯಲ್ಲಿ ಒರೆಸಿ, ಹಿಡಿಗೆ ಕಟ್ಟಿದ್ದ ದಾರವನ್ನು ಗೋಡೆಯ ಮೊಳೆಗೆ ಸಿಕ್ಕಿಸಿದ. ಮೊಳೆಯ ಕೆಳಗೆ ಸುಣ್ಣದಲ್ಲಿ ಒಂದು ಬಾಗಿದ ಗೀರಿತ್ತು, ವರ್ಷಗಟ್ಟಲೆ ಕಟರ್ ತೂಗಾಡಿ ಮೂಡಿದ್ದು. ಕಟರ್ ಒಮ್ಮೆ ಆಚೆ, ಒಮ್ಮೆ ಈಚೆ, ಆ ಗೀರಿನ ಮೇಲೇ ಹೋಗಿ ಬಂದು, ನಿಂತಿತು.