ಮನೆಯೊಳಗೆ ಬಂದರೆ ಮಾತ್ರ ಕಾಣುವ ಅಂಕಿ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ‘ಥರ್ಮೋಸ್ಟ್ಯಾಟ್’ ಎಂಬ ಪದದಿಂದ ಶುರು ಮಾಡಿದರೆ ಹುಣಸೂರಿನ ಓದುಗರು ಪುಟ ಮಗುಚಿಬಿಡುತ್ತಾರೆ. ಡಿಸೆಂಬರಿನ ಚಳಿಯಿಂದ ಶುರು ಮಾಡೋಣವೆಂದರೆ ಕೈ ತನ್ನಷ್ಟಕ್ಕೆ ಮಂಜು, ಇಬ್ಬನಿ ಎಂದು ಹೊರಡುತ್ತದೆ. ಹಾಗೆ ಅರ್ಧ ಪುಟ ಬರೆದು ಹರಿದೂ ಹಾಕಿದೆ.

ಮಗುವಿನಿಂದಲೇ ಶುರುವಾಗಲಿ. ದಿನ ತುಂಬುವ ಮೊದಲೇ ಹುಟ್ಟಿದ, ತೂಕ ಸಾಲದ ಹೆಣ್ಣುಮಗು. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಒತ್ತಿ ಹೇಳಿದ್ದು ಇಷ್ಟು: ಕೋಣೆ ತಣ್ಣಗಾಗಬಾರದು, ಕಾದೂ ಹೋಗಬಾರದು. ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳುವುದು ಈ ಮಗುವಿಗೆ ಇನ್ನೂ ಬಾರದು. ಜನ ಹೆಚ್ಚು ಒಳಗೆ ಬರುವುದೂ ಬೇಡ.

ಚೊಚ್ಚಲ ಹೆರಿಗೆಗೆಂದು ಹುಣಸೂರಿನ ತವರಿಗೆ ಬಂದಿದ್ದ ರುಬೀನಾಳಿಗೆ ಆವತ್ತಿನಿಂದ ನೆಮ್ಮದಿಯಿಲ್ಲ. ಹೀಟರ್ ಹಾಕಿದರೆ ಜಾಸ್ತಿಯಾಯಿತೇನೋ, ಆರಿಸಿದರೆ ಕಮ್ಮಿಯಾಯಿತೇನೋ. ಅದಕ್ಕೇ ಬೇಕಾಯಿತು ಥರ್ಮೋಸ್ಟ್ಯಾಟ್. ಕೋಣೆಯ ಬಿಸಿ ಅಳೆದು, ಹೀಟರನ್ನು ತಾನೇ ಹಚ್ಚಿ ತಾನೇ ಆರಿಸುವ ಪುಟ್ಟ ಡಬ್ಬಿ. (ಪದ ಬಂದೇಬಿಟ್ಟಿತು. ದಯವಿಟ್ಟು ಪುಟ ಮಗುಚಬೇಡಿ.)

೨

ಕಾಂತರಾಜುವಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ರುಬೀನಾಳ ತಂದೆ ಅಬ್ದುಲ್ ರಹಮಾನ್ ನಿಂತಿದ್ದರು. ಗಂಡ ಮುಬಷೀರ್ ಕೆ.ಆರ್. ನಗರದ ತನ್ನ ಬಟ್ಟೆ ಅಂಗಡಿಯಿಂದ ಫೋನಿನಲ್ಲಿದ್ದ. ರುಬೀನಾ ಮಂಚದ ಮೇಲಿಂದ ಅದೇ ಕರೆಯಲ್ಲಿ ಸೇರಿಕೊಂಡಿದ್ದಳು. (ಇವರು ಮನೆಯಲ್ಲಿ ಆಡುವುದು ಉರ್ದು. ನನಗೆ ಬರುವುದಿಲ್ಲ. ಆದ್ದರಿಂದ ನನ್ನ ಕಥೆ ಮುಗಿಯುವತನಕ ಹುಣಸೂರು ಕನ್ನಡವನ್ನೇ ಆಡಿ ಎಂದು ಕೇಳಿಕೊಂಡಿದ್ದೇನೆ.)

“ಎರಡು ಥರ ಅದೆ ಕಣ್ರೀ ಸಾಹೇಬ್ರೇ,” ಎಂದ ಕಾಂತರಾಜು. “ಒಂದು ಕ್ಲೌಡಿಂದು. ಬಿಸಿ ಎಷ್ಟದೆ ಅಂತ ಎಲ್ಲೋ ದೂರದ ಸರ್ವರ್‌ಗೆ ಹೇಳ್ತದೆ, ಅದು ನಿಮ್ ಫೋನ್‌ಗೆ ಹೇಳ್ತದೆ. ಯಾವೂರಲ್ಲಿ ಕುಂತ್ರೂ ನೋಡ್ಬೋದು. ಇನ್ನೊಂದು ಲೋಕಲ್ದು. ಮನೆ ವೈಫೈಲೇ ನಡೀತದೆ, ಇಂಟರ್‌ನೆಟ್ ಹೋದ್ರೂ ನಿಲ್ಲಾಕಿಲ್ಲ. ಆದ್ರೆ ಮನೆ ಬಿಟ್ಟು ಆಚೆ ಹೋದ್ರೆ ಫೋನಲ್ಲಿ ಕಾಣಾಕಿಲ್ಲ.”

“ಕ್ಲೌಡಿಂದೇ ತಗೊಳ್ಳಿ ಮಾವ,” ಎಂದ ಮುಬಷೀರ್. “ಇಲ್ಲಿಂದ್ಲೇ ನೋಡ್ಕೊಂಡಿರ್ತೀನಿ.”

“ನಮ್ ಬೀದಿ ನೆಟ್ಟು ಯಾವಾಗ ಹೋಯ್ತದೋ ಯಾರಿಗ್ ಗೊತ್ತು? ನಮ್ ಕೋಣೆ ಬಿಸಿ ಕೇಳಕೆ ಯಾವ್ದೋ ದೇಶಕ್ಕೆ ಯಾಕಪ್ಪ ಹೋಗ್ಬೇಕು?” ಎಂದರು ಅಬ್ದುಲ್ ರಹಮಾನ್.

ಇಬ್ಬರೂ ರುಬೀನಾಳನ್ನು ಕೇಳಿದರು. “ಲೋಕಲ್ದೇ ಇರ್ಲಿ,” ಎಂದಳು. ಯಾಕೆಂದು ಕೇಳಿದರೆ, “ನೆಟ್ಟು ಹೋಯ್ತದಲ್ಲ, ಅದಕ್ಕೆ.”

(ಇದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಇನ್ನೊಂದು ಕಾರಣ ನನಗೆ ಗೊತ್ತು. ಬರೆಯಹೊರಟೆ, “ಅದ್ನೆಲ್ಲ ಹಾಕ್ಬೇಡಿ” ಎಂದು ತಡೆದಳು. ಸದ್ಯಕ್ಕೆ ಹಾಕುವುದಿಲ್ಲ.)

೩

ಇಲ್ಲೊಂದು ಕರಡು ಸತ್ತಿದೆ. ಅದರಲ್ಲಿ ಕರೆಂಟು ಹೋಗುತ್ತದೆ, ಹೀಟರ್ ತಣ್ಣಗಾಗುತ್ತದೆ, ರುಬೀನಾ ಮಗುವನ್ನು ಎದೆಗವಚಿಕೊಳ್ಳುತ್ತಾಳೆ, ಯಂತ್ರ ಸೋತು ತಾಯಿ ಗೆಲ್ಲುತ್ತಾಳೆ. ಬರೆಯುತ್ತ ನನ್ನ ಕಣ್ಣೇ ಒದ್ದೆಯಾಗಿತ್ತು. ರುಬೀನಾಳ ತಾಯಿ ಜೀನತುನ್ನೀಸಾ ಓದಿಸಿ ಕೇಳಿದರು.

“ಎದೆ ಮೇಲೆ ಮಲಗಿಸ್ಕೊಳಾದು ದಿನಾ ಮಾಡ್ತಾವಳೆ, ಅದೇನು ಹೊಸದಾ? ಆದ್ರೆ ಹೊತ್ತಿಡೀ ಹಂಗೇ ಕುಂತಿದ್ರೆ ನನ್ ಮಗಳು ಉಣ್ಣದು ಯಾವಾಗ, ಮಲಗದು ಯಾವಾಗ? ಮಷೀನು ಸೋಲೋದು ಬ್ಯಾಡ ಕಣಪ್ಪ. ಅದೂ ಗೆಲ್ಲಲಿ ಬುಡು.”

ಬಿಟ್ಟೆ.

ಮತ್ತೆ ೩

ಅಬ್ದುಲ್ ರಹಮಾನರ ಕಸುಬು ಹೊಗೆಸೊಪ್ಪನ್ನು ಬಿಸಿಯಲ್ಲಿ ಒಣಗಿಸಿ ಹದಮಾಡುವ ಬ್ಯಾರನ್ನುಗಳಿಗೆ ತಗಡಿನ ಕೊಳವೆ ಮಾಡುವುದು. ಪಿರಿಯಾಪಟ್ಟಣದ ಕಡೆ ಅವರ ಕೊಳವೆ ಕಾಣದ ಬ್ಯಾರನ್ನು ಕಮ್ಮಿ. ಸೊಪ್ಪು ಹದವಾಗುವಾಗ ಬಾಗಿಲು ತೆರೆಯುವಂತಿಲ್ಲ. ಗಾಜಿನ ಕಿಂಡಿಗೆ ಕಾಣುವಂತೆ ಥರ್ಮಾಮೀಟರ್ ತೂಗುಹಾಕಿ ಹೊರಗಿನಿಂದಲೇ ಓದುತ್ತಾರೆ. ಕೈ ಪಳಗಿದ್ದು ಹಾಗೆ. ಮನೆಯ ಡಬ್ಬಿಯನ್ನೂ ಅವರು ಕಿಟಕಿಯ ಗಾಜಿಗೇ ಒತ್ತಿ, ಮುಖ ಹೊರಗೆ ಮಾಡಿ ಕೂರಿಸಿದರು. ಬೆಳಿಗ್ಗೆ ಸಂಜೆ ವರಾಂಡದಲ್ಲಿ ನಿಂತು ಬಗ್ಗಿ ನೋಡಿ, “ಸರಿಯಾಗದೆ” ಎಂದು ಹೋಗುತ್ತಿದ್ದರು. ಡಬ್ಬಿ ಕೂರಿಸಿದ ಮೇಲೆ, ತಗಡಿನ ಧೂಳಿನ ಮೈ ಎಂದು ಒಳಗೆ ಮಾತ್ರ ಕಾಲಿಡಲಿಲ್ಲ.

ಚಳಿ ಬಲಿತ ಒಂದು ಬೆಳಿಗ್ಗೆ ಗಾಜು ಕೊರೆಯುತ್ತಿತ್ತು. ಗಾಜಿಗೆ ಅಂಟಿದ ಡಬ್ಬಿ ಕೋಣೆಯೇ ತಣ್ಣಗಿದೆಯೆಂದು ತಿಳಿದು ಹೀಟರನ್ನು ಆರಿಸಲೇ ಇಲ್ಲ. ಸ್ನಾನ ಮಾಡಿ ಬಂದ ರುಬೀನಾಳ ಮುಖಕ್ಕೆ ಬಿಸಿಗಾಳಿ ಹೊಡೆಯಿತು. ಮಗುವಿನ ಮುಖ ಕೆಂಪಗಾಗಿತ್ತು, ಕೆನ್ನೆ ಸುಡುತ್ತಿತ್ತು. ಹೊದಿಕೆ ಕಿತ್ತೆಸೆದಳು, ತಾಯಿ ಬಂದು ಬಾಗಿಲು ತೆರೆದರು. ಮೈ ಹದಕ್ಕೆ ಬಂದು ಮಗು ಹಾಲು ಕುಡಿಯಿತು.

ಆಮೇಲೆ ರುಬೀನಾ ಕಿಟಕಿಯಾಚೆ ನಿಂತಿದ್ದ ಅಪ್ಪನತ್ತ ತಿರುಗಿದಳು. “ಇದೇನು ಹೊಗೆಸೊಪ್ಪಾ ಅಬ್ಬಾ, ಬೇಯಿಸಕೆ?”

ಡಬ್ಬಿಯನ್ನು ಅವಳೇ ಕಿತ್ತು, ಒಳಗೋಡೆಗೆ, ಮಗುವಿನ ತೊಟ್ಟಿಲ ಹತ್ತಿರ ಹಾಕಿದಳು.

೪

ಸಂಜೆ ಅಬ್ದುಲ್ ರಹಮಾನರು ಮಾಮೂಲಿನಂತೆ ವರಾಂಡಕ್ಕೆ ಬಂದರು. ಓದಲು ಅಲ್ಲಿ ಏನೂ ಇರಲಿಲ್ಲ. ಆದರೂ ನಿಂತರು. ರುಬೀನಾ ಆಗ ಗಮನಿಸಿದಳು, ಅಪ್ಪನ ಕನ್ನಡಕ ಎಂದಿನಂತೆ ಜೇಬಿನಲ್ಲಿತ್ತು. ಕನ್ನಡಕವಿಲ್ಲದೆ ಅವರಿಗೆ ಗೋಡೆ ಗಡಿಯಾರವೇ ಕಾಣುವುದಿಲ್ಲ. ಇಷ್ಟು ದಿನ ಗಾಜಿಗೆ ಬಗ್ಗಿ ನೋಡುತ್ತಿದ್ದುದು ಅಂಕಿಯನ್ನಲ್ಲ. ಬೆಳಿಗ್ಗೆ ಆಡಿದ ಮಾತು ಅವಳಿಗೇ ಚುಚ್ಚಿತು.

“ಅಬ್ಬಾ, ಫೋನಲ್ಲಿ ಬತ್ತಾ ಇಲ್ಲ. ಒಳಗ್ ಬಂದು ಎಷ್ಟದೆ ನೋಡಿ ಹೇಳಿ.”

(ಫೋನಿನಲ್ಲಿ ಬರುತ್ತಿತ್ತು. ನಾನೇ ನೋಡಿದೆ.)

ಅವರು ಬಚ್ಚಲಿಗೆ ಹೋಗಿ ಮೊಣಕೈತನಕ ಸೋಪು ಹಚ್ಚಿ ತೊಳೆದರು, ಅಂಗಿ ಬದಲಿಸಿದರು. ತೊಟ್ಟಿಲ ಪಕ್ಕ ಬಹಳ ಹೊತ್ತು ನಿಂತರು. ಕನ್ನಡಕ ಜೇಬಿನಲ್ಲೇ ಇತ್ತು. “ಸರಿಯಾಗದೆ,” ಎಂದರು.

ಇಲ್ಲೇ ನಿಲ್ಲಿಸಿದರೆ ಕಥೆಗೆ ಒಳ್ಳೆಯದು. ಆದರೆ ನನ್ನಲ್ಲಿ ಒಂದು ಕಾರಣ ಬಾಕಿಯಿದೆಯಲ್ಲ.

೫

ರುಬೀನಾ ಬೈಯಲಿ, ಹೇಳಿಬಿಡುತ್ತೇನೆ. ಕ್ಲೌಡಿಂದು ತಂದಿದ್ದರೆ ಮುಬಷೀರ್ ಕೆ.ಆರ್. ನಗರದಲ್ಲೇ ಅಂಕಿ ನೋಡಿ ಸಮಾಧಾನವಾಗಿ ಬಟ್ಟೆ ಅಳೆಯುತ್ತಿದ್ದ. ಈಗ ಹೊತ್ತುಹೊತ್ತಿಗೆ ಫೋನು ಮಾಡುತ್ತಾನೆ. “ಎಷ್ಟದೆ?” ಎಂದು ಶುರುವಾದ ಮಾತು ಮಗು ಆಕಳಿಸಿದ್ದು, ಅವನು ಊಟ ಮಾಡಿದ್ದು, ಅವಳು ಅತ್ತಿದ್ದು, ಎಲ್ಲವನ್ನೂ ಸುತ್ತಿ ಬರುತ್ತದೆ. ಅವಳಿಗೆ ಬೇಕಾಗಿದ್ದುದು ಅದೇ.

“ಹಾಕ್ಬೇಡಿ ಅಂದಿದ್ನಲ್ಲ,” ಎಂದಳು.

“ತಪ್ಪಾಯ್ತಮ್ಮ. ಬೇರೆ ಮುಕ್ತಾಯ ಕೊಡಲಾ? ಅವನೇ ಹಟಮಾಡಿ ಕ್ಲೌಡಿಂದು ತರುತ್ತಾನೆ. ಇಲ್ಲವೇ ಮಗು ಬಲಿತು ಡಬ್ಬಿಯೇ ಬೇಡವಾಗುತ್ತದೆ.”

“ಎರಡೂ ಬ್ಯಾಡ. ಅವ್ರು ಈಗ ಬಸ್ಸಲ್ಲಿದಾರೆ.”

ನನಗೆ ತಿಳಿಯದೆ ಮುಬಷೀರ್ ಅಂಗಡಿ ಮುಚ್ಚಿ ಹೊರಟಿದ್ದ. ಬಿಳಿಕೆರೆಯಲ್ಲಿ ಇಳಿದು ಹುಣಸೂರಿನ ಬಸ್ಸು ಹತ್ತಿ, ನಾನಿಷ್ಟು ಬರೆಯುವಷ್ಟರಲ್ಲಿ ಬೀದಿಯ ತುದಿಯಲ್ಲಿ ಫೋನನ್ನು ಮುಂದೆ ಹಿಡಿದು ನಡೆಯುತ್ತಿದ್ದಾನೆ. ಪಕ್ಕದ ಮನೆ ದಾಟಿದ. ಏನೂ ಇಲ್ಲ. ಗೇಟು ತೆರೆದ. ಫೋನು ಮನೆಯ ವೈಫೈ ಹಿಡಿಯಿತು, ಪರದೆಯ ಮೇಲೆ ಅಂಕಿ ಮೂಡಿತು. ಅವನು ಅದನ್ನು ನೋಡುತ್ತ ಅಲ್ಲೇ ನಿಂತ. ಒಳಗಿನಿಂದ ರುಬೀನಾ ಕೇಳಿದಳು, “ಎಷ್ಟದೆ?”

ಅವನು ಏನೆಂದನೆಂದು ನನ್ನನ್ನು ಕೇಳಬೇಡಿ. ಆ ಮನೆಯ ವೈಫೈ ಪಾಸ್‌ವರ್ಡು ಕೊಡಮ್ಮ ಎಂದು ಕೇಳಿದ್ದೆ. ರುಬೀನಾ ಕೊಡಲಿಲ್ಲ.